ಸ್ಟಾರ್ಟರ್ ಡಬ್ಬಿಯೊಳಗಿನ ವಿಸಿಟಿಂಗ್ ಕಾರ್ಡ್

ಗದಗಿನಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಮುಳಗುಂದ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಸುಟ್ಟ ಬೋರ್‌ವೆಲ್ ಮೋಟಾರ್‌ಗಳು ಬರುತ್ತವೆ. ಹಳೇ ತಂತಿ ಕಿತ್ತು ಹೊಸದು ಸುತ್ತಿ ಕೊಡುತ್ತೇವೆ. ಇಂಥ ಅಂಗಡಿಗೆ ವಿಸಿಟಿಂಗ್ ಕಾರ್ಡ್ ಯಾಕೆ ಎಂದು ಮೊದಮೊದಲು ನನಗೂ ಅನಿಸಿತ್ತು. ಆದರೆ ಮೋಟಾರ್ ಸುಡುವುದು ಹೊಲದಲ್ಲಿ, ಅದೂ ಸಾಮಾನ್ಯವಾಗಿ ಹೊತ್ತಲ್ಲದ ಹೊತ್ತಿನಲ್ಲಿ. ಆಗ ಕೈಗೆ ಯಾರ ನಂಬರ್ ಸಿಗುತ್ತದೋ ಅವರಿಗೆ ಕೆಲಸ. ಹಾಗಾಗಿ ಕಾರ್ಡ್ ಮಾಡಿಸಿದೆ. ಒಂದಲ್ಲ, ಮೂರು ಸಲ.

ಮೊದಲನೇ ಸಲ ಪರಿಚಯದ ಹುಡುಗನೊಬ್ಬ ಡಿಸೈನ್ ಮಾಡಿಕೊಟ್ಟ. ನೀಲಿ ಹಿನ್ನೆಲೆ, ಮೋಟಾರಿನ ಚಿತ್ರ, ಮೂಲೆಯಲ್ಲಿ ಮಿಂಚು. ಮೊಬೈಲಿನಲ್ಲಿ ನೋಡಿ ಭಾರಿ ಖುಷಿಯಾಯಿತು. ಡಿಜಿಟಲ್ ಪ್ರಿಂಟ್, ನೂರು ಕಾರ್ಡಿಗೆ 350 ರೂಪಾಯಿ. ಬಂದ ಕಾರ್ಡ್ ನೋಡಿದರೆ ‘ಎಲೆಕ್ಟ್ರಿಕಲ್ಸ್’ ಪೂರಾ ಹಾಳಾಗಿತ್ತು. ‘ಕ್ಟ್ರಿ’ಯ ಒತ್ತುಗಳು ಪಕ್ಕದ ಅಕ್ಷರದ ಕಾಲಿಗೆ ಹೋಗಿ ಜೋತುಬಿದ್ದಿದ್ದವು. ಅವನು ನನಗೆ ಕಳಿಸಿದ್ದು ಬರೀ ಚಿತ್ರ, ಅದರಲ್ಲಿ ಎಲ್ಲ ಸರಿಯಾಗೇ ಇತ್ತು. ಪ್ರೆಸ್‌ಗೆ ಕಳಿಸಿದ್ದು ಕೋರಲ್‌ಡ್ರಾ ಎಂಬ ಡಿಸೈನ್ ಸಾಫ್ಟ್‌ವೇರಿನ ಫೈಲು. ಅಲ್ಲಿನ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡ ಒಡೆದಿದೆ.

ಇದು ಕನ್ನಡದಲ್ಲಿ ಕಾರ್ಡ್ ಮಾಡಿಸುವವರಿಗೆಲ್ಲ ಇರುವ ಕಾಟ. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ‘ನುಡಿ’ಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆ ಏನೇನೋ ಕಾಣುತ್ತವೆ. ಯೂನಿಕೋಡ್ ಆದರೆ ಹಳೇ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಫೈಲ್ ಕಳಿಸುವ ಮುಂಚೆ ಅಕ್ಷರಗಳನ್ನೆಲ್ಲ ‘ಕರ್ವ್’ ಮಾಡಿಸಬೇಕು. ಆಗ ಅಕ್ಷರ ಚಿತ್ರದಂತೆ ಗಟ್ಟಿಯಾಗಿ ಕೂರುತ್ತದೆ, ಎಲ್ಲಿ ತೆರೆದರೂ ಅಷ್ಟೇ. ಕರ್ವ್ ಆದ ಮೇಲೆ ತಿದ್ದಲು ಬರುವುದಿಲ್ಲ, ಅದಕ್ಕೆ ಮೂಲ ಫೈಲನ್ನು ಬೇರೆ ಇಟ್ಟುಕೊಳ್ಳಬೇಕು. ಪ್ರಿಂಟ್‌ಗೆ ಹಾಕುವ ಮುಂಚೆ ಅದೇ ಪ್ರೆಸ್‌ನ ಕಂಪ್ಯೂಟರಿನಿಂದ ಒಂದು ಸಾದಾ ಹಾಳೆ ತೆಗೆಸಿ ನೋಡುವುದು ಇನ್ನೂ ಒಳ್ಳೆಯದು.

ಒತ್ತು ತಪ್ಪಿದ್ದನ್ನು ಗಿರಾಕಿಗಳು ಯಾರೂ ಹೇಳಲಿಲ್ಲ. ಅವರು ಹೇಳಿದ್ದು ಬೇರೆ. ಒಬ್ಬ ರೈತರು ಬೆಳಿಗ್ಗೆ ಮೋಟಾರ್ ತಂದವರು ಕಾರ್ಡ್ ನನ್ನ ಟೇಬಲ್ ಮೇಲೆ ಇಟ್ಟು, “ಯಣ್ಣಾ, ರಾತ್ರಿ ನಂಬರ ಕಾಣವಲ್ದು, ಬ್ಯಾಟರಿ ಬಿಟ್ರ ಬರೇ ಹೊಳಿತೈತಿ” ಎಂದರು. ನಾನೂ ಅಂಗಡಿಯ ಲೈಟ್ ಆರಿಸಿ ಟಾರ್ಚ್ ಹಿಡಿದು ನೋಡಿದೆ. ನಿಜ. ಗ್ಲಾಸಿ ಕಾರ್ಡು, ಅದರ ಮೇಲೆ ನೀಲಿಯಲ್ಲಿ ಬಿಳಿ ಅಂಕಿ. ಬೆಳಕು ಬಿದ್ದ ಕಡೆ ಏನೂ ಇಲ್ಲ.

ಎರಡನೇ ಸಲ ಮ್ಯಾಟ್ ಲ್ಯಾಮಿನೇಷನ್, ಅಂದರೆ ಹೊಳೆಯದ ತೆಳು ಪ್ಲಾಸ್ಟಿಕ್ ಪದರ ಹಾಕಿಸಿದೆ. ಬಿಳಿ ಕಾರ್ಡ್, ಕಪ್ಪು ಅಂಕಿ. 300 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಕಾಗದದ ತೂಕ 300 ಗ್ರಾಂ. ಬಣ್ಣ ಕಡಿಮೆ ಮಾಡಿದರೆ ರೇಟೂ ಇಳಿಯುತ್ತದೆ ಅಂದುಕೊಂಡಿದ್ದೆ. ಹಾಗೇನಿಲ್ಲ. ದೊಡ್ಡ ಶೀಟಿನಲ್ಲಿ ಹತ್ತಾರು ಜನರ ಕಾರ್ಡನ್ನು ಒಟ್ಟಿಗೆ ಹಾಕಿ ನಾಲ್ಕು ಬಣ್ಣದಲ್ಲೇ ಹೊಡೆಯುತ್ತಾರೆ, ಪ್ಲೇಟಿನ ಖರ್ಚು ಎಲ್ಲರ ಮೇಲೆ ಹಂಚಿಹೋಗುತ್ತದೆ. ಅದಕ್ಕೇ ಸಾವಿರಕ್ಕೆ 900 ರೂಪಾಯಿಗೆ ಬಂತು, ಕಾರ್ಡಿಗೆ 90 ಪೈಸೆ. ಆದರೆ ಕಾಗದ, ಸೈಜು ಎಲ್ಲ ಅವರು ಹೇಳಿದ್ದೇ. ನನಗೆ ಬೇರೆ ಕಾಗದ ಬೇಕು ಅಂದರೆ ಶೀಟ್ ನನ್ನೊಬ್ಬನದೇ ಆಗುತ್ತದೆ, ರೇಟೂ ಹಾರುತ್ತದೆ.

ಈ ಕಾರ್ಡ್ ಚೆನ್ನಾಗೇ ಇತ್ತು. ನೀರು ಬಿದ್ದರೂ ಏನೂ ಆಗುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ನನಗೊಂದು ಅಭ್ಯಾಸ ಬಿದ್ದಿತ್ತು. ಮೋಟಾರ್ ಕೊಡುವಾಗ ಕಾರ್ಡಿನ ಹಿಂದೆ ಎಷ್ಟು ಎಚ್‌ಪಿ, ಎಷ್ಟು ಸ್ಟೇಜ್ (ಪಂಪಿನೊಳಗೆ ನೀರು ಎತ್ತುವ ಚಕ್ರಗಳು), ಯಾವ ತಾರೀಕು ಸುತ್ತಿದ್ದು ಅಂತ ಬರೆದುಕೊಡುವುದು. ಮತ್ತೆ ಸುಟ್ಟರೆ ಫೋನಿನಲ್ಲೇ ಓದಿ ಹೇಳುತ್ತಾರೆ, ನಾನು ತಂತಿ ತರಿಸಿ ಇಡಬಹುದು. ಎರಡೂ ಕಡೆ ಲ್ಯಾಮಿನೇಷನ್ ಇರುವ ಕಾರ್ಡಿನ ಮೇಲೆ ಬಾಲ್ ಪೆನ್ನು ಜಾರುತ್ತದೆ. ಬರೆದದ್ದು ಹೆಬ್ಬೆರಳು ತಾಕಿದರೆ ಅಳಿಸುತ್ತದೆ. ಮಾರ್ಕರಿನಲ್ಲಿ ಬರೆದರೆ ಎರಡು ಸಾಲಿಗೇ ಜಾಗ ಮುಗಿಯಿತು.

ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್‌ಗಳಿಗೆ ಬರವಿಲ್ಲ, ಊರು ಅದಕ್ಕೇ ಹೆಸರುವಾಸಿ. ಮೂರನೇ ಸಲ ನಾನೇ ತಿರುಗಿದೆ. ಹೋದಲ್ಲೆಲ್ಲ ಸ್ಯಾಂಪಲ್ ಕೇಳಿ, ಜೇಬಿನಲ್ಲಿದ್ದ ಪೆನ್ನಿನಿಂದ ಗೀಚಿ, ಒದ್ದೆ ಬೆರಳಿನಿಂದ ಉಜ್ಜಿ ನೋಡುತ್ತಿದ್ದೆ. ಕೆಲವರು ಮುಖ ಸಿಂಡರಿಸಿದರು. ಒಂದೇ ಕಡೆ ಲ್ಯಾಮಿನೇಷನ್ ಹಾಕಿಸಿದರೆ ಹೇಗೆ ಅಂದೆ. ಲಗ್ನಪತ್ರಿಕೆ ಮಾಡುವ ಹಿರಿಯರೊಬ್ಬರು ನಕ್ಕು, “ಹಂಗ ಮಾಡಿದ್ರ ಹಪ್ಪಳಾದಂಗ ಆಗತೈತ್ರೀ” ಎಂದು ಡ್ರಾಯರ್‌ನಿಂದ ಸೊಟ್ಟಗಾದ ಒಂದು ಕಾರ್ಡ್ ತೆಗೆದು ತೋರಿಸಿದರು. ಆಮೇಲೆ, “ನಿಮಗ ಹೊಳಿಯೋದ ಬ್ಯಾಡಂದ್ರ ಲಗ್ನಪತ್ರಿಕಿ ಬೋರ್ಡಿನ ಮ್ಯಾಲ ಸ್ಕ್ರೀನ್ ಹೊಡಿಯೂಣು” ಅಂದರು.

ಅದೇ ಈಗ ನನ್ನ ಕಾರ್ಡು. ದಪ್ಪ ಸಾದಾ ಬೋರ್ಡ್, ಲಗ್ನಪತ್ರಿಕೆಗೆ ತಂದು ಉಳಿದಿದ್ದ ಶೀಟು. ಕಪ್ಪು ಒಂದೇ ಬಣ್ಣ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಯ ಮೇಲೆ ಇಂಕ್ ಹಾಕಿ ರಬ್ಬರ್ ಪಟ್ಟಿಯಿಂದ ಎಳೆಯುತ್ತಾರೆ. ಇಂಕ್ ದಪ್ಪಗೆ ಕೂರುತ್ತದೆ, ಬೆರಳಾಡಿಸಿದರೆ ಅಂಕಿ ಕೈಗೆ ತಾಕುತ್ತದೆ. ತೀರಾ ಸಣ್ಣ ಅಕ್ಷರ ಮಾತ್ರ ಹಾಕಬಾರದು, ಒತ್ತುಗಳ ನಡುವೆ ಇಂಕ್ ತುಂಬಿಕೊಳ್ಳುತ್ತದೆ. ಅದಕ್ಕೆ ವಿಳಾಸ ಒಂದೇ ಸಾಲಿಗೆ ಇಳಿಸಿ ಫೋನ್ ನಂಬರ್ ಅರ್ಧ ಕಾರ್ಡಿನಷ್ಟು ದೊಡ್ಡದು ಮಾಡಿಸಿದೆ. ಹಿಂದೆ ನಾಲ್ಕು ಖಾಲಿ ಗೆರೆ. 500ಕ್ಕೆ 800 ರೂಪಾಯಿ ತೆಗೆದುಕೊಂಡರು.

ಲೆಕ್ಕಕ್ಕೆ ಒಂದೊಂದಕ್ಕೆ 1 ರೂಪಾಯಿ 60 ಪೈಸೆ, ಮ್ಯಾಟ್ ಕಾರ್ಡಿಗಿಂತ ತುಟ್ಟಿನೇ. ಆದರೆ ಆ ಸಾವಿರದಲ್ಲಿ ಇನ್ನೂ ಆರುನೂರು ಅಂಗಡಿಯ ಕಪಾಟಿನಲ್ಲಿ ಬಿದ್ದಿವೆ. ಸಣ್ಣ ಮಕ್ಕಳು ಬಂದರೆ ಮನೆ ಕಟ್ಟಲು ಕೊಡುತ್ತೇನೆ.

ಸಾದಾ ಬೋರ್ಡಿಗೆ ನೀರು ಆಗದು, ಅಂಚು ಉಬ್ಬುತ್ತದೆ. ಅದಕ್ಕೆ ರೈತರೇ ದಾರಿ ಹುಡುಕಿದ್ದಾರೆ. ಕೆಲವರು ಮೊಬೈಲ್ ಕವರಿನ ಹಿಂದೆ ಇಡುತ್ತಾರೆ. ಹೋದ ತಿಂಗಳು ಡಂಬಳದ ಕಡೆ ಒಂದು ಹೊಲಕ್ಕೆ ಹೋಗಿದ್ದೆ. ಸ್ಟಾರ್ಟರ್ ಡಬ್ಬಿ ತೆಗೆದರೆ ಬಾಗಿಲಿನ ಒಳಗೆ ಬೀಜದ ಪಾಕೀಟಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನನ್ನ ಕಾರ್ಡು. ಅದರ ಮೇಲೆ ನನ್ನ ಅಕ್ಷರದಲ್ಲಿ ಎರಡು ತಾರೀಕು. ಕೆಳಗೆ ಅವರದೇ ಅಕ್ಷರದಲ್ಲಿ ‘ಪೈಪ 18’. ಎಷ್ಟು ಪೈಪ್ ಇಳಿಸಿದ್ದಾರೆ ಅಂತ. ಒಂದು ಪೈಪಿಗೆ 20 ಅಡಿ, ಮೋಟಾರ್ ಎಷ್ಟು ಆಳದಲ್ಲಿದೆ ಎಂದು ಅದರಿಂದಲೇ ಗೊತ್ತಾಗುತ್ತದೆ. ನನಗೆ ಇದು ಹೊಳೆದೇ ಇರಲಿಲ್ಲ.

ಮುಂದಿನ ಸಲ ಪೈಪಿಗೂ ಒಂದು ಗೆರೆ ಹಾಕಿಸುತ್ತೇನೆ. ಜಾಗಕ್ಕೆ ಕಾರ್ಡಿನ ಹಿಂಬದಿಯ ಇಮೇಲ್ ವಿಳಾಸ ತೆಗೆಸಿದರಾಯಿತು. ಇಲ್ಲಿವರೆಗೆ ಅದಕ್ಕೆ ಬಂದಿದ್ದು ಒಂದೇ ಮೇಲು, ಅಗ್ಗದಲ್ಲಿ ವಿಸಿಟಿಂಗ್ ಕಾರ್ಡ್ ಮಾಡಿಕೊಡುತ್ತೇವೆ ಅಂತ.