ಭಾನುವಾರದ ಬಾಣಸಿಗ ಸೋಮವಾರ ಒಲೆ ಹಚ್ಚಿದಾಗ

ಅಡುಗೆ ಎಂದರೆ ನನಗೆ ಬಹಳ ಇಷ್ಟ ಎಂದು ಹದಿನೆಂಟು ವರ್ಷ ಕಂಡವರ ಮುಂದೆಲ್ಲ ಹೇಳಿಕೊಂಡು ತಿರುಗಿದವನು ನಾನು. ಭಾನುವಾರ ಬೆಳಿಗ್ಗೆ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿ ಈರನಗೆರೆ ಬದನೆಕಾಯಿಯನ್ನು ಒಂದೊಂದಾಗಿ ತಿರುಗಿಸಿ ನೋಡಿ ತರುತ್ತಿದ್ದೆ. ರೇಡಿಯೊ ಹಾಕಿಕೊಂಡು ವಾಂಗಿಬಾತಿಗೆ ಮಸಾಲೆ ಹುರಿಯುತ್ತಿದ್ದೆ. ಒಂದು ಗಂಟೆಗೆ ಆಗಬೇಕಾದ ಊಟ ಎರಡೂವರೆಗೆ ಆಗುತ್ತಿತ್ತು. ಅಷ್ಟು ಹೊತ್ತಿಗೆ ಎಲ್ಲರಿಗೂ ಹೊಟ್ಟೆ ಚುರುಗುಟ್ಟುತ್ತಿದ್ದುದರಿಂದ ಹೊಗಳಿಕೆಗೆ ಕೊರತೆ ಇರಲಿಲ್ಲ.

ಆಮೇಲೆ ಹೆಂಡತಿಗೆ ಬ್ಯಾಂಕಿನಲ್ಲಿ ಬಡ್ತಿ ಸಿಕ್ಕಿ ಎರಡು ವರ್ಷದ ಮಟ್ಟಿಗೆ ಕಲಬುರಗಿಗೆ ವರ್ಗವಾಯಿತು. ಮಗಳು ಮೊದಲ ಪಿಯುಸಿ. "ಅಡುಗೆಗೆ ಯಾರನ್ನಾದರೂ ಗೊತ್ತು ಮಾಡಲೇ?" ಎಂದು ಅವಳು ಕೇಳಿದಳು. ನಾನಿರುವಾಗ ಯಾಕೆ ಎಂದೆ. ಆ ಮಾತನ್ನು ಮುಂದೆ ಬಹಳ ಸಲ ನೆನೆಸಿಕೊಂಡಿದ್ದೇನೆ.

ಮಗಳ ಕಾಲೇಜಿನ ಬಸ್ಸು 7.40ಕ್ಕೆ. ಮೊದಲ ಸೋಮವಾರ ಆರಕ್ಕೆ ಎದ್ದು ಅಕ್ಕಿ, ಬೇಳೆ ಕುಕ್ಕರಿಗೆ ಇಟ್ಟೆ. ಮೂರು ಕೂಗು, ನಾಲ್ಕು ಕೂಗು, ಆರು ಕೂಗು. ತೆರೆದು ನೋಡಿದರೆ ತೊಗರಿಬೇಳೆ ಒಂದೊಂದೂ ಎಣಿಸುವ ಹಾಗೆ ನಿಂತಿತ್ತು. ಆ ದಿನ ಡಬ್ಬಿಗೆ ಮೊಸರನ್ನ ಹೋಯಿತು. ಮಾರನೆಯ ದಿನವೂ ಅದೇ ಕತೆ. ಬೇಳೆಯೇ ಹಳೆಯದು ಎಂದು ಅಂಗಡಿಯವನ ಮೇಲೆ ರೇಗಿದ್ದೂ ಆಯಿತು. ತಪ್ಪು ಬೇಳೆಯದಲ್ಲ, ನೀರಿನದು ಎಂದು ಹೇಳಿದವರು ಪಕ್ಕದ ಮನೆಯ ಅಜ್ಜಿ. ನಮ್ಮ ಬಡಾವಣೆಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಉಳಿದಂತೆ ನಲ್ಲಿಯಲ್ಲಿ ಬರುವುದು ಕೊಳವೆಬಾವಿಯ ಗಡಸು ನೀರು. ಅದರಲ್ಲಿರುವ ಸುಣ್ಣದ ಅಂಶಕ್ಕೆ ಬೇಳೆ ಬೇಗ ಮೆತ್ತಗಾಗುವುದಿಲ್ಲ. ಹೆಂಡತಿ ಬೇಳೆಗೆಂದೇ ಒಂದು ಬಿಂದಿಗೆ ಕಾವೇರಿ ನೀರನ್ನು ಮುಚ್ಚಿಡುತ್ತಿದ್ದಳು. ಆ ಬಿಂದಿಗೆಯನ್ನು ನಾನು ಹದಿನೆಂಟು ವರ್ಷ ನೋಡಿದ್ದೆ, ಯಾತಕ್ಕೆಂದು ಕೇಳಿರಲಿಲ್ಲ. ವಾಂಗಿಬಾತಿಗೆ ಬೇಳೆ ಬೇಯಿಸಬೇಕಾಗಿಲ್ಲವಲ್ಲ.

ಈಗ ಬೇಳೆಯನ್ನು ಅರ್ಧ ಗಂಟೆ ನೆನೆಸುತ್ತೇನೆ, ಒಂದು ಚಮಚ ಎಣ್ಣೆ, ಚಿಟಿಕೆ ಅರಿಸಿನ ಹಾಕುತ್ತೇನೆ. ಹುಣಸೆಹುಳಿ, ಟೊಮೆಟೊ ಏನಿದ್ದರೂ ಬೇಳೆ ಬೆಂದ ಮೇಲೆ. ಹುಳಿ ಮೊದಲೇ ಬಿದ್ದರೆ ಬೇಳೆ ಮತ್ತೆ ಹಟ ಹಿಡಿಯುತ್ತದೆ.

ಮೆಣಸಿನಕಾಯಿಯದು ಇನ್ನೊಂದು ಪಾಠ. ಸಾರಿನ ಪುಡಿ ಮುಗಿದಾಗ ನಾನೇ ಮಾಡಲು ಹೊರಟೆ. ಫೋನಿನಲ್ಲಿ ಹೆಂಡತಿ ಹೇಳಿದ ಲೆಕ್ಕ ಬ್ಯಾಡಗಿಗೆ, ಮನೆಯಲ್ಲಿದ್ದದ್ದು ಗುಂಟೂರು. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಗುಂಟೂರಿನದಕ್ಕೆ ಅಂಥ ದಾಕ್ಷಿಣ್ಯವಿಲ್ಲ. ಆ ಪುಡಿ ಎಂಟು ತಿಂಗಳು ಬಂತು, ಕಾಲು ಚಮಚಕ್ಕಿಂತ ಹೆಚ್ಚು ಹಾಕುವ ಧೈರ್ಯ ಯಾರಿಗೂ ಇರಲಿಲ್ಲ.

ಇಂಥ ಅವಾಂತರಗಳು ತಿಂಗಳೊಳಗೆ ಮುಗಿದವು, ಕೈ ಪಳಗಿತು. ಆಮೇಲೆ ಶುರುವಾದದ್ದು ನಿಜವಾದ ಬೇಸರ. ರಾತ್ರಿ ಒಂಬತ್ತಕ್ಕೆ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುವಾಗ ಮನಸ್ಸಿನಲ್ಲಿ ಒಂದೇ ಪ್ರಶ್ನೆ: ನಾಳೆ ಏನು? ಮಗಳನ್ನು ಕೇಳಿದರೆ, "ಏನಾದರೂ ಮಾಡಪ್ಪ." ಏನಾದರೂ ಎಂದು ಉಪ್ಪಿಟ್ಟು ಮಾಡಿದರೆ, "ಉಪ್ಪಿಟ್ಟಾ?" ಹೆಚ್ಚುವುದು, ಹುರಿಯುವುದು ನನಗೆ ಕಷ್ಟವಾಗಲಿಲ್ಲ. ಇರುವ ಅರ್ಧ ಹೂಕೋಸು, ಬಾಡುತ್ತಿರುವ ಸಬ್ಬಸಿಗೆ ಸೊಪ್ಪು, ನಿನ್ನೆಯ ಎರಡು ಸೌಟು ಹುಳಿ, ಇವನ್ನೆಲ್ಲ ತಲೆಯಲ್ಲಿಟ್ಟುಕೊಂಡು ಕಚೇರಿಯ ಕಡತ ನೋಡುವುದು ಕಷ್ಟವಾಯಿತು.

ಅದಕ್ಕೆ ನಾನು ಕಂಡುಕೊಂಡ ಉಪಾಯ ಗುಮಾಸ್ತನ ಉಪಾಯ. ಗೋಡೆಯ ಕ್ಯಾಲೆಂಡರಿನಲ್ಲಿ ವಾರಗಳನ್ನು ಹಂಚಿದೆ. ಸೋಮವಾರ ಸಾರು, ಪಲ್ಯ. ಮಂಗಳವಾರ ಮಸ್ಸೊಪ್ಪು. ಬುಧವಾರ ಚಿತ್ರಾನ್ನ, ಮರುಮಾತಿಲ್ಲ. ಗುರುವಾರ ಹುರುಳಿ ಅಥವಾ ಹೆಸರುಕಾಳಿನ ಹುಳಿ. ಶುಕ್ರವಾರ ದೋಸೆ, ಹಿಟ್ಟು ಉಳಿದರೆ ಶನಿವಾರ ಉತ್ತಪ್ಪ. ದೋಸೆಗೆ ನಾಲ್ಕು ಲೋಟ ಅಕ್ಕಿಗೆ ಒಂದು ಲೋಟ ಉದ್ದು, ಒಂದು ಚಮಚ ಮೆಂತ್ಯ, ಹಿಡಿ ಅವಲಕ್ಕಿ. ಡಿಸೆಂಬರಿನ ಚಳಿಗೆ ಹಿಟ್ಟು ಉಬ್ಬದೆ ಮುನಿಸಿಕೊಂಡರೆ ಪಾತ್ರೆಗೆ ಹಳೆಯ ಶಾಲು ಸುತ್ತಿ ಅಕ್ಕಿ ಡಬ್ಬದೊಳಗೆ ಕೂರಿಸುತ್ತಿದ್ದೆ. ಭಾನುವಾರ ಎರಡು ಕಾಯಿ ತುರಿದು ಡಬ್ಬಿಗೆ, ಹುಣಸೆರಸ ಕುದಿಸಿ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಡುವುದು ರೂಢಿಯಾಯಿತು. ವಾಂಗಿಬಾತಿಗೆ ಹೋಗುತ್ತಿದ್ದ ಹೊತ್ತನ್ನು ಇದು ನುಂಗಿತು.

ಆ ದಿನಗಳಲ್ಲೇ ಪತ್ರಿಕೆಯಲ್ಲಿ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಅಂಕಿಗಳು ಬಂದಿದ್ದವು. ಅಡುಗೆಯೂ ಸೇರಿ ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು 2019ರಲ್ಲಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, 2024ರಲ್ಲಿ 289. ಮಾಡುವ ಗಂಡಸರದು 97ರಿಂದ 88ಕ್ಕೆ ಇಳಿದಿದೆ. ಕುತೂಹಲಕ್ಕೆ ಒಂದು ಮಂಗಳವಾರ ನನ್ನ ಲೆಕ್ಕ ಬರೆದಿಟ್ಟೆ. ಸೊಪ್ಪು ಬಿಡಿಸುವುದು, ಮಣ್ಣು ಹೋಗುವ ತನಕ ಮೂರು ನೀರಿನಲ್ಲಿ ತೊಳೆಯುವುದು, ಎರಡು ಹೊತ್ತಿನ ಅಡುಗೆ, ಪಾತ್ರೆ, ಕಟ್ಟೆ ಒರೆಸುವುದು, ಅಂಗಡಿ: 205 ನಿಮಿಷ. ಇರುವವರು ಇಬ್ಬರೇ, ಬಟ್ಟೆ ತೊಳೆಯಲು ಯಂತ್ರವಿದೆ.

ಕಲಬುರಗಿಯಲ್ಲಿ ಹೆಂಡತಿ ಏನು ಮಾಡಿಕೊಳ್ಳುತ್ತಿದ್ದಳು? ಮೊದಲ ಮೂರು ತಿಂಗಳು ಚಹಾ ಬಿಟ್ಟು ಬೇರೆ ಯಾವುದಕ್ಕೂ ಒಲೆಯನ್ನೇ ಹಚ್ಚಲಿಲ್ಲ. ಅಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ಮನೆಗಳುಂಟು. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ತಂದು ತಿಂದು ಪುಸ್ತಕ ಓದಿಕೊಂಡು ಮಲಗುತ್ತಿದ್ದಳು. ಊರಿಗೆ ಬರುವಾಗ ಕಡಕ್ ರೊಟ್ಟಿಯ ಕಟ್ಟು ತರುತ್ತಿದ್ದಳು, ನನ್ನ ಎರಡು ರಾತ್ರಿ ಅದರಿಂದ ಉಳಿಯುತ್ತಿತ್ತು. ನಿನಗೆ ಅಡುಗೆ ಕಂಡರೆ ಅಷ್ಟು ಬೇಸರವಿತ್ತೇ ಎಂದು ಒಮ್ಮೆ ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದಳು: "ಅಡುಗೆಯ ಮೇಲೆ ಬೇಸರ ಇರಲಿಲ್ಲ. ನೀವು ಭಾನುವಾರ ಅಡುಗೆ ಮಾಡುತ್ತಿದ್ದಿರಲ್ಲ, ಸೋಮವಾರ ಬೆಳಿಗ್ಗೆ ಆ ಬಾಣಲೆ ತಿಕ್ಕುವಾಗ ಬರುತ್ತಿತ್ತು." ಒಂದು ವಾಂಗಿಬಾತಿಗೆ ನಾನು ಹದಿನಾಲ್ಕು ಪಾತ್ರೆ ಬಳಸುತ್ತಿದ್ದೆನಂತೆ. ಅವಳು ಎಣಿಸಿದ್ದಳು.

ಹಾಗಾದರೆ ನನಗೆ ಈಗಲೂ ಅಡುಗೆ ಇಷ್ಟವೇ? ಬೆಳಗಿನ ತಿಂಡಿ ಖಂಡಿತ ಇಷ್ಟವಿಲ್ಲ. ಗಡಿಯಾರ ನೋಡಿಕೊಂಡು ಮಾಡುವ ಯಾವ ಕೆಲಸವೂ ನನಗೆ ಸೇರುವುದಿಲ್ಲ. ರಾತ್ರಿಯ ಸಾರು ಇಷ್ಟ. ತುಪ್ಪದಲ್ಲಿ ಸಾಸಿವೆ ಸಿಡಿದು, ಇಂಗು, ಕರಿಬೇವು ಬಿದ್ದು ಚುಂಯ್ ಎಂದಾಗ ಮಗಳು ಕೋಣೆಯಿಂದ ತಾನಾಗಿ ಎದ್ದು ಬಂದು ತಟ್ಟೆ ಹಾಕುತ್ತಾಳೆ. ಅದಕ್ಕೆ ಭಾನುವಾರದ ಯಾವ ಹೊಗಳಿಕೆಯೂ ಸಮವಲ್ಲ. ಇನ್ನು ಹಿತಕಿದ ಅವರೆ. ರಾತ್ರಿಯೆಲ್ಲ ನೆನೆಸಿ ಒಂದೊಂದು ಕಾಳನ್ನೂ ಹಿತಕುವುದಕ್ಕಿಂತ ರೇಜಿಗೆಯ ಕೆಲಸ ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಆದರೂ ಅದನ್ನು ಹೊರೆ ಎಂದವರನ್ನು ನಾನು ನೋಡಿಲ್ಲ, ಯಾಕೆಂದರೆ ಅದಕ್ಕೆ ಯಾರೂ ಒಬ್ಬರೇ ಕೂರುವುದಿಲ್ಲ. ಜನವರಿಯಲ್ಲಿ ಹೆಂಡತಿ ರಜೆಗೆ ಬಂದಾಗ ನಾವು ಮೂವರೂ ಪತ್ರಿಕೆ ಹರಡಿಕೊಂಡು ಕೂತೆವು. ಒಂದು ಸೇರು ಅವರೆ ಮುಗಿಯುವಷ್ಟರಲ್ಲಿ ಮಗಳು ವಿಜ್ಞಾನ ಬಿಟ್ಟು ಕಾನೂನು ಓದುತ್ತೇನೆಂದು ಹೇಳಿ ಮುಗಿಸಿದ್ದಳು.

ಹೆಂಡತಿ ವಾಪಸ್ಸು ಬಂದು ಏಳು ತಿಂಗಳಾಯಿತು. ಕ್ಯಾಲೆಂಡರಿನ ಪಟ್ಟಿಯನ್ನು ನೋಡಿ ನಕ್ಕಳು, ಆದರೆ ಕಿತ್ತು ಹಾಕಲಿಲ್ಲ. ಬುಧವಾರ ಮಾತ್ರ ಬದಲಾಗಿದೆ. ಸೋಮದಿಂದ ಬುಧವಾರದವರೆಗೆ ನನ್ನದು, ಗುರುವಾರದಿಂದ ಶನಿವಾರ ಅವಳದು. ಭಾನುವಾರ ಈಗಲೂ ವಾಂಗಿಬಾತ್ ಮಾಡುತ್ತೇನೆ, ಐದು ಪಾತ್ರೆಯಲ್ಲಿ. ಬಾಣಲೆಯ ತಳ ಹಿಡಿದರೆ ಬಿಸಿನೀರು, ಹುಣಸೆಹಣ್ಣು ಹಾಕಿ ಅರ್ಧ ಗಂಟೆ ಬಿಡಬೇಕು, ಆಮೇಲೆ ತೆಂಗಿನ ನಾರಿನಿಂದ ತಿಕ್ಕಬೇಕು. ಆ ಅರ್ಧ ಗಂಟೆ ರೇಡಿಯೊ ಕೇಳುತ್ತೇನೆ.