ಹಸಿರು ಇಂಧನ ಬೇರೆ ಹಡಗಿಗೆ, ಲೆಕ್ಕ ನಿಮ್ಮ ಕಂಟೈನರ್‌ಗೆ: ಬುಕ್ ಅಂಡ್ ಕ್ಲೇಮ್ ಮಾಡುವ ಬಗೆ

ಮಂಗಳೂರಿನಿಂದ ಯುರೋಪಿಗೆ ಕಾಫಿ ಕಳಿಸುವ ಕಂಪನಿಯಲ್ಲಿ ನಾನು ಶಿಪ್ಪಿಂಗ್ ದಾಖಲೆ ನೋಡಿಕೊಳ್ಳುತ್ತೇನೆ. ಅಲ್ಲಿನ ಖರೀದಿದಾರರು ಈಗ ಬೆಲೆಯ ಜೊತೆ ಕಾರ್ಬನ್ ಲೆಕ್ಕವನ್ನೂ ಕೇಳುತ್ತಾರೆ. ನಮ್ಮ ಡಬ್ಬಿ ಹತ್ತುವ ಹಡಗಿಗೇ ಜೈವಿಕ ಇಂಧನ ತುಂಬಿಸಿ ಅಂತ ಹೇಳಲು ಆಗುವುದಿಲ್ಲ, ಅಲ್ವಾ? ಆ ಇಂಧನ ಎಲ್ಲಾ ಬಂದರಿನಲ್ಲೂ ಸಿಗುವುದಿಲ್ಲ. ಬೇರೆಲ್ಲೋ ಇನ್ನೊಂದು ಹಡಗು ಅದನ್ನು ಉರಿಸುತ್ತದೆ. ಕಡಿಮೆಯಾದ ಹೊಗೆಯ ಲೆಕ್ಕ ರಿಜಿಸ್ಟ್ರಿ ಎಂಬ ದಾಖಲೆ ಪುಸ್ತಕದಲ್ಲಿ ಬುಕ್ ಆಗುತ್ತದೆ. ದುಡ್ಡು ಕೊಟ್ಟವರು ಅದನ್ನು ಕ್ಲೇಮ್ ಮಾಡುತ್ತಾರೆ. ಇದೇ ಬುಕ್ ಅಂಡ್ ಕ್ಲೇಮ್.

ಮೊದಲು ನಿಮ್ಮ ಸರಕಿನ ಹೊರಸೂಸುವಿಕೆ ಎಷ್ಟು ಅಂತ ಐಎಸ್‌ಒ 14083 (ಸಾಗಣೆಯ ಹೊರಸೂಸುವಿಕೆ ಲೆಕ್ಕ ಹಾಕುವ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ ಲೆಕ್ಕ ಹಾಕಿಸಿ. ಆಮೇಲೆ ಹಡಗು ಕಂಪನಿಯನ್ನು ಕೇಳಿ. ಮೇರ್ಸ್ಕ್, ಹಪಾಗ್-ಲಾಯ್ಡ್ ಇಂಥ ಸೇವೆ ಮಾರುತ್ತವೆ. ಕಟಲಿಸ್ಟ್ ಎಂಬ ರಿಜಿಸ್ಟ್ರಿಯೂ 2024ರಿಂದ ಇದೆ.

ನಿಜವಾದ ಕೆಲಸ ಇರುವುದು ಅವರು ಕೊಡುವ ಸರ್ಟಿಫಿಕೇಟ್ ಓದುವುದರಲ್ಲಿ. ಇಂಧನ ಯಾವುದರಿಂದ ಆಯ್ತು? ಬಳಸಿದ ಅಡುಗೆ ಎಣ್ಣೆಯೋ, ತಾಳೆ ಎಣ್ಣೆಯೋ? ಐಎಸ್‌ಸಿಸಿ (ಇಂಧನದ ಮೂಲ ಸುಸ್ಥಿರವೇ ಅಂತ ಪರೀಕ್ಷಿಸುವ ವ್ಯವಸ್ಥೆ) ಪ್ರಮಾಣಪತ್ರ ಇದೆಯಾ? ಎಷ್ಟು ಟನ್, ಯಾವ ವರ್ಷ ಉರಿಸಿದ್ದು? ಲೆಕ್ಕ ಇಂಧನ ತಯಾರಿಕೆಯಿಂದ ಹೊಗೆಯವರೆಗೂ ಇರಬೇಕು. ಚಿಮಣಿಯ ಹೊಗೆ ಮಾತ್ರ ತೋರಿಸಿದರೆ ಅದು ಸುಮ್ನೆ ಕಾಗದ. ನಿಮ್ಮ ಹೆಸರಿಗೆ ಬಂದ ಯೂನಿಟ್, ಅಂದರೆ ಕಡಿಮೆಯಾದ ಹೊಗೆಯ ಲೆಕ್ಕ, ರಿಜಿಸ್ಟ್ರಿಯಲ್ಲಿ ‘ಬಳಸಿ ಮುಗಿದಿದೆ’ ಅಂತ ರದ್ದಾಗಿದೆಯೇ ನೋಡಿ. ಇಲ್ಲದಿದ್ದರೆ ಅದನ್ನೇ ಇನ್ನೊಬ್ಬರಿಗೂ ಮಾರಬಹುದು.

ಕ್ಲೇಮ್ ನಿಮ್ಮದೋ ಖರೀದಿದಾರರದೋ ಅಂತ ಒಪ್ಪಂದದಲ್ಲೇ ಬರೆಸಿ. ದುಡ್ಡು ಯಾರು ಕೊಡುತ್ತಾರೆ ಎಂಬ ಜಗಳವೂ ಅಲ್ಲೇ ಮುಗಿಯಲಿ. ವರದಿಯಲ್ಲಿ ಹಡಗಿನ ನಿಜವಾದ ಹೊರಸೂಸುವಿಕೆ ಒಂದು ಸಾಲು, ಕ್ಲೇಮ್ ಇನ್ನೊಂದು ಸಾಲು. ಎರಡನ್ನೂ ಬೆರೆಸಬೇಡಿ. ಕಾಫಿ ಪ್ಯಾಕೆಟ್ ಮೇಲೆ ‘ಶೂನ್ಯ ಕಾರ್ಬನ್’ ಅಂತ ಅಚ್ಚು ಹಾಕಿಸುವ ಆಸೆಯನ್ನಂತೂ ಬಿಟ್ಟುಬಿಡಿ.