ಕಿಟ್ ಲೆನ್ಸ್ ಆಯಿತು, ಮುಂದೆ ಯಾವುದು?

ಬೀದರಿನಲ್ಲಿ ಬಿದ್ರಿ ಕೆಲಸದ ಉಸ್ತಾದರೊಬ್ಬರ ಎದುರು ಒಂದು ಮಧ್ಯಾಹ್ನ ಕುಳಿತಿದ್ದೆ. ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿದ ಸುರಾಹಿಯ ಮೇಲೆ ಅವರು ಉಳಿಯಿಂದ ಬಳ್ಳಿ ಕೊರೆದು, ಆ ಗೀರಿನೊಳಗೆ ಬೆಳ್ಳಿಯ ತಂತಿ ಕೂರಿಸಿ, ಸಣ್ಣ ಸುತ್ತಿಗೆಯಿಂದ ಬಡಿಯುತ್ತಿದ್ದರು. ಕೋಣೆಗೆ ಬಾಗಿಲಿನ ಬೆಳಕು ಬಿಟ್ಟರೆ ಒಂದೇ ಬಲ್ಬು. ರಾತ್ರಿ ಮನೆಯಲ್ಲಿ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ತೆರೆದಾಗ ಸುರಾಹಿ ಸ್ಪಷ್ಟವಾಗಿತ್ತು, ತಂತಿಯ ಮಿನುಗೂ ಇತ್ತು. ಸುತ್ತಿಗೆ ಹಿಡಿದ ಕೈ ಮಾತ್ರ ಹೊಗೆಯಂತೆ ಕದಡಿಹೋಗಿತ್ತು. ಚಿತ್ರದ ವಿವರ ಹೀಗಿತ್ತು: 55 ಮಿ.ಮೀ. (ಲೆನ್ಸಿನ ನಾಭಿದೂರ; ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ), ಎಫ್/5.6 (ಬೆಳಕು ಬರುವ ಕಿಂಡಿ, ಅಂದರೆ ಅಪರ್ಚರ್; ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು), ಶಟರ್ 1/15 ಸೆಕೆಂಡ್ (ಬೆಳಕು ಬೀಳುವ ಹೊತ್ತು), ಐಎಸ್‌ಒ 1600 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ).

ಕ್ಯಾಮೆರಾದ ಜೊತೆ ಬಂದ 18-55ರ ಕಿಟ್ ಲೆನ್ಸ್ ಬಿಟ್ಟು ಮೇಲಿನದಕ್ಕೆ ಹೋಗಬೇಕೆನ್ನುವವರು ಸಾಮಾನ್ಯವಾಗಿ ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಯೂಟ್ಯೂಬ್ ನೋಡುತ್ತಾರೆ. ಕೆಟ್ಟುಹೋದ ತಮ್ಮದೇ ಚಿತ್ರದ ಆ ಒಂದು ಸಾಲಿನ ವಿವರವನ್ನು ಓದುವವರು ಕಡಿಮೆ. ನನ್ನ ಅನುಭವದಲ್ಲಿ ಲೆನ್ಸ್ ಆರಿಸುವ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದಲೇ.

ಮೊದಲ ಹೆಜ್ಜೆ: ಹಳೆಯ ಚಿತ್ರಗಳ ಲೆಕ್ಕ

ಕಳೆದ ಒಂದು ವರ್ಷದಲ್ಲಿ ತೆಗೆದ ಇನ್ನೂರು ಚಿತ್ರಗಳನ್ನು ಒಂದೆಡೆ ಹಾಕಿಕೊಳ್ಳಿ. ಚೆನ್ನಾಗಿ ಬಂದವುಗಳನ್ನಷ್ಟೇ ಹೆಕ್ಕಬೇಡಿ, ಕೆಟ್ಟವೂ ಇರಲಿ. ಪ್ರತಿ ಫೈಲಿನ ಒಳಗೂ ಅದು ಎಷ್ಟು ಮಿ.ಮೀ.ನಲ್ಲಿ, ಯಾವ ಅಪರ್ಚರಿನಲ್ಲಿ, ಯಾವ ಶಟರ್ ವೇಗದಲ್ಲಿ ತೆಗೆದದ್ದು ಎಂಬುದು ಬರೆದಿರುತ್ತದೆ. ಕಂಪ್ಯೂಟರಿನಲ್ಲಿ ಫೈಲಿನ ಮೇಲೆ ಬಲಗಡೆಯ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’, ಅದರೊಳಗೆ ‘ಡೀಟೇಲ್ಸ್’ ತೆರೆದರೆ ಸಿಗುತ್ತದೆ. ಒಂದು ಹಾಳೆಯಲ್ಲಿ ಮೂರು ಗೆರೆ ಎಳೆದು ಎಣಿಸಿ: 18ರಲ್ಲಿ ಎಷ್ಟು, 55ರಲ್ಲಿ ಎಷ್ಟು, ನಡುವೆ ಎಷ್ಟು.

ಹೆಚ್ಚಿನವು 18ರಲ್ಲೇ ಇದ್ದರೆ ನಿಮಗೆ ಇನ್ನೂ ಅಗಲದ ನೋಟ ಬೇಕಾಗಿದೆ. 55ರಲ್ಲೇ ಗುಂಪುಗೂಡಿದ್ದರೆ ದೂರ ಸಾಲುತ್ತಿಲ್ಲ. ಆದರೆ ಇಲ್ಲಿ ಪ್ರಾಮಾಣಿಕವಾಗಿ ಯೋಚಿಸಬೇಕು. ಎರಡು ಹೆಜ್ಜೆ ಮುಂದೆ ಹೋಗಲು ಸಂಕೋಚಪಟ್ಟು ಜೂಮ್ ತಿರುಗಿಸಿದ ಚಿತ್ರಗಳೂ ಅದರಲ್ಲಿ ಇರುತ್ತವೆ. ಆ ಸಂಕೋಚಕ್ಕೆ ಲೆನ್ಸ್ ಔಷಧವಲ್ಲ.

ಇನ್ನು ಮಸುಕಾದ ಚಿತ್ರಗಳು. ಇವುಗಳನ್ನು ಬೇರೆ ಇಟ್ಟು ನಿಧಾನವಾಗಿ ನೋಡಿ, ಏಕೆಂದರೆ ಮಸುಕಿನಲ್ಲಿ ಮೂರು ಬಗೆ. ಗೋಡೆ, ಮನುಷ್ಯ, ಹಿನ್ನೆಲೆ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ನಡುಗಿದ್ದು ನಿಮ್ಮ ಕೈ. ಗೋಡೆ ಸ್ಪಷ್ಟವಾಗಿದ್ದು ಮನುಷ್ಯ ಮಾತ್ರ ಕದಡಿದ್ದರೆ ಶಟರ್ ನಿಧಾನವಾಗಿತ್ತು. ಕಿವಿ ಸ್ಪಷ್ಟ, ಕಣ್ಣು ಮಸುಕು ಎಂದಾದರೆ ಫೋಕಸ್ ತಪ್ಪಿದೆ. ಮೊದಲನೆಯದಕ್ಕೆ ಕಂಪನ ತಡೆಯುವ ವ್ಯವಸ್ಥೆಯುಳ್ಳ ಲೆನ್ಸ್ ಸಾಕು. ಕ್ಯಾನನ್ ಇದನ್ನು ಐಎಸ್ ಎನ್ನುತ್ತದೆ, ನಿಕಾನ್ ವಿಆರ್, ಸಿಗ್ಮಾ ಓಎಸ್, ಟ್ಯಾಮ್ರಾನ್ ವಿಸಿ. ಎರಡನೆಯದಕ್ಕೆ ಹೆಚ್ಚು ಬೆಳಕು ಕುಡಿಯುವ ಲೆನ್ಸೇ ಬೇಕು. ಮೂರನೆಯದಕ್ಕೆ ಅಭ್ಯಾಸ ಬೇಕು, ಹಣವಲ್ಲ. ಈ ವಿಂಗಡಣೆ ಮಾಡದೆ ಅಂಗಡಿಗೆ ಹೋದವರು ಒಂದು ರೋಗಕ್ಕೆ ಇನ್ನೊಂದರ ಮಾತ್ರೆ ತಂದಿದ್ದನ್ನು ನಾನು ಹಲವು ಸಲ ಕಂಡಿದ್ದೇನೆ.

ಎರಡನೆಯ ಹೆಜ್ಜೆ: ಅಗಲದ ಕಡೆಯ ಅಂಕಿಯನ್ನು ಮೊದಲು ನೋಡಿ

ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ (ಬೆಳಕು ಬೀಳುವ ಫಲಕ) 36 x 24 ಮಿ.ಮೀ. 18-55 ಕಿಟ್ ಲೆನ್ಸ್ ಜೊತೆ ಬರುವ ಕ್ಯಾಮೆರಾಗಳ ಕ್ರಾಪ್ ಸೆನ್ಸರ್ ಅದಕ್ಕಿಂತ ಚಿಕ್ಕದು. ಕ್ಯಾನನ್‌ನಲ್ಲಿ ಸುಮಾರು 22.3 x 14.9 ಮಿ.ಮೀ. ಹಾಗಾಗಿ ಲೆನ್ಸ್ ತೋರಿಸುವ ನೋಟದ ಅಂಚುಗಳು ಕತ್ತರಿಸಿಹೋಗುತ್ತವೆ. ಕ್ಯಾನನ್‌ನಲ್ಲಿ ಲೆನ್ಸಿನ ಅಂಕಿಯನ್ನು 1.6ರಿಂದ, ನಿಕಾನ್, ಸೋನಿ, ಫ್ಯೂಜಿಗಳಲ್ಲಿ 1.5ರಿಂದ ಗುಣಿಸಿದರೆ ಫುಲ್ ಫ್ರೇಮಿನ ಲೆಕ್ಕದಲ್ಲಿ ಎಷ್ಟು ಎಂದು ತಿಳಿಯುತ್ತದೆ. ಕ್ಯಾನನ್ ಕ್ರಾಪ್ ಕ್ಯಾಮೆರಾದ ಮೇಲೆ 18 ಎಂದರೆ ಸುಮಾರು 29.

‘ಮುಂದೆ ಫುಲ್ ಫ್ರೇಮ್ ಕೊಳ್ಳುತ್ತೀರಲ್ಲ, ಈಗಲೇ 24-105 ತೆಗೆದುಕೊಂಡುಬಿಡಿ’ ಎಂಬ ಸಲಹೆ ಅನೇಕರಿಗೆ ಸಿಗುತ್ತದೆ. ಒಪ್ಪಬೇಡಿ. ಅದು ಕ್ಯಾನನ್ ಕ್ರಾಪ್ ಕ್ಯಾಮೆರಾದ ಮೇಲೆ ಫುಲ್ ಫ್ರೇಮಿನ ಲೆಕ್ಕದಲ್ಲಿ ಸುಮಾರು 38ರಿಂದ ಶುರುವಾಗುತ್ತದೆ. ಅದನ್ನು ಹಿಡಿದು ಕಲಬುರಗಿ ಕೋಟೆಯ ಜಾಮಿ ಮಸೀದಿಯೊಳಗೆ ಒಮ್ಮೆ ನಿಂತು ನೋಡಿ. 1367ರ ಈ ಮಸೀದಿಗೆ ತೆರೆದ ಅಂಗಳವಿಲ್ಲ, ಇಡೀ ಕಟ್ಟಡಕ್ಕೆ ಚಾವಣಿಯಿದೆ. ಅಂಚಿನ ಪಡಸಾಲೆಯಲ್ಲಿ ಅಗಲವಾದ, ತಗ್ಗಾದ ಕಮಾನುಗಳು ಒಂದರ ಹಿಂದೊಂದು ಸಾಗುತ್ತವೆ. ಬೆನ್ನು ಗೋಡೆಗೆ ತಾಗಿದ ಮೇಲೆ ಹಿಂದೆ ಸರಿಯಲು ಜಾಗವಿಲ್ಲ; ಕಮಾನಿನ ಬುಡ ಸಿಕ್ಕರೆ ತುದಿ ಸಿಗುವುದಿಲ್ಲ. ಕಿಟ್ ಲೆನ್ಸಿನ 18ರಲ್ಲೂ ಇಕ್ಕಟ್ಟೇ. 15 ಅಥವಾ 16 ಇದ್ದರೆ ಪಡಸಾಲೆ ಪಡಸಾಲೆಯಂತೆ ಕಾಣುತ್ತದೆ.

ಮೂರು ಮಿ.ಮೀ. ಏನು ಮಹಾ ಎನಿಸಬಹುದು. 18ರಲ್ಲಿ ಕರ್ಣದ ಉದ್ದಕ್ಕೆ ಸಿಗುವ ನೋಟ ಸುಮಾರು 74 ಡಿಗ್ರಿ, 15ರಲ್ಲಿ ಸುಮಾರು 84. ಹತ್ತು ಡಿಗ್ರಿ ಹೆಚ್ಚು. ಅದೇ ಮೂರು ಮಿ.ಮೀ.ಯನ್ನು ಇನ್ನೊಂದು ತುದಿಯಲ್ಲಿ, 55ರ ಬದಲು 52 ಎಂದು ಮಾಡಿದರೆ ಬದಲಾಗುವುದು ಒಂದೂವರೆ ಡಿಗ್ರಿಯಷ್ಟೇ. ಆದ್ದರಿಂದ 17-50 ಮತ್ತು 17-55 ನಡುವೆ ತಲೆ ಕೆಡಿಸಿಕೊಳ್ಳಬೇಡಿ. 16 ಮತ್ತು 18 ನಡುವೆ ಖಂಡಿತ ಯೋಚಿಸಿ.

ನಿಮ್ಮ ತಿರುಗಾಟ ಬಯಲಿನದ್ದಾದರೆ ಲೆಕ್ಕ ಬೇರೆ. ಬೀದರ್ ಬಳಿಯ ಅಷ್ಟೂರಿನ ಬಹಮನಿ ಗುಂಬಜ್‌ಗಳು ಬಯಲಿನಲ್ಲಿ ಸಾಲಾಗಿ ನಿಂತಿವೆ, ಬೇಕಾದಷ್ಟು ಹಿಂದೆ ಹೋಗಬಹುದು. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟಕ್ಕೆ ಅಗಲದ ನೋಟ ಹಿಡಿದರೆ ಬುದ್ಧ ಇರುವೆಯಾಗುತ್ತಾನೆ. ಅಲ್ಲಿ 80, 100 ಮಿ.ಮೀ. ಬೇಕು.

ಮೂರನೆಯ ಹೆಜ್ಜೆ: ಬೆಳಕೋ, ದೂರವೋ

ಕ್ರಾಪ್ ಕ್ಯಾಮೆರಾದ ತಿರುಗಾಟದ ಜೂಮ್‌ಗಳಲ್ಲಿ ಎರಡು ಮನೆತನಗಳಿವೆ. ಒಂದು, ಇಡೀ ಜೂಮಿನ ಉದ್ದಕ್ಕೂ ಎಫ್/2.8 ಕೊಡುವಂಥವು: ಕ್ಯಾನನ್ ಇಎಫ್-ಎಸ್ 17-55, ಸಿಗ್ಮಾ 17-50. ಇನ್ನೊಂದು, ಹೆಚ್ಚು ದೂರ ಕ್ರಮಿಸುವಂಥವು: ಕ್ಯಾನನ್ 15-85, ಕ್ಯಾನನ್ 18-135, ನಿಕಾನ್ 18-140. ನಿಕಾನ್‌ನ 16-80 ಎಫ್/2.8-4 ಇವೆರಡರ ನಡುವಿನ ಸಂಧಿ. 480 ಗ್ರಾಂ ತೂಕದಲ್ಲಿ ಅಗಲ, ದೂರ, ಬೆಳಕು ಮೂರನ್ನೂ ಸಾಕಷ್ಟು ಕೊಡುತ್ತದೆ. 18-200, 18-300 ಲೆನ್ಸ್‌ಗಳು ಕಿಟ್‌ಗಿಂತ ದೂರ ನೋಡುತ್ತವೆಯೇ ಹೊರತು ಚೆನ್ನಾಗಿ ನೋಡುವುದಿಲ್ಲ. ಮೇಲ್ದರ್ಜೆಗೆ ಏರಬೇಕೆನ್ನುವವರಿಗೆ ನಾನು ಅವುಗಳನ್ನು ಹೇಳುವುದಿಲ್ಲ.

ಎಫ್/5.6ರಿಂದ ಎಫ್/2.8ಕ್ಕೆ ಬಂದರೆ ಸೆನ್ಸರಿಗೆ ನಾಲ್ಕು ಪಟ್ಟು ಬೆಳಕು ಬೀಳುತ್ತದೆ. ನನ್ನ ಬಿದ್ರಿ ಚಿತ್ರದ 1/15 ಸೆಕೆಂಡ್ 1/60 ಆಗುತ್ತದೆ. ಐಎಸ್‌ಒ 3200ಕ್ಕೆ ಏರಿಸಿದರೆ 1/125. ಮುಂದೆ 17-50 ಎಫ್/2.8 ಹಿಡಿದು ಅದೇ ಕೋಣೆಗೆ ಹೋದಾಗ ಇದೇ ಅಂಕಿಗಳಲ್ಲಿ ತೆಗೆದೆ. ಕೈ ಕೈಯಾಗಿ ಬಂತು, ಹೆಬ್ಬೆರಳಿನ ಉಗುರಿಗೆ ಅಂಟಿದ ಕರಿಯೂ ಕಂಡಿತು. ಉಸ್ತಾದರು ಕ್ಯಾಮೆರಾದ ಪರದೆ ನೋಡಿ, ಕೈಯ ಬಗ್ಗೆ ಏನೂ ಹೇಳದೆ, ಬಳ್ಳಿಯ ತಿರುವಿನಲ್ಲಿ ಒಂದು ಕಡೆ ತಂತಿ ಎದ್ದಿದೆ ಎಂದು ಬೆರಳಿಟ್ಟು ತೋರಿಸಿ ಮತ್ತೆ ಉಳಿ ಎತ್ತಿಕೊಂಡರು.

ಕಂಪನ ತಡೆ ಈ ಕೆಲಸ ಮಾಡುತ್ತಿರಲಿಲ್ಲ. ಅದು ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ, ಎದುರಿನವರ ಕೈಯ ಚಲನೆಯನ್ನಲ್ಲ. ಅಷ್ಟೂರಿನಲ್ಲಿ ಅಹ್ಮದ್ ಶಾ ವಲಿಯ ಗುಂಬಜಿನ ಒಳಗೆ, ಗೋಡೆ ಚಾವಣಿಗಳ ಬಣ್ಣದ ಚಿತ್ತಾರದ ಮುಂದೆ, ಅದೇ ವ್ಯವಸ್ಥೆ ಅಮೃತದಂತೆ ಒದಗುತ್ತದೆ, ಏಕೆಂದರೆ ಗೋಡೆ ಅಲುಗುವುದಿಲ್ಲ. ಅನುಮತಿ ಕೇಳಿ, ಫ್ಲ್ಯಾಶ್ ಆರಿಸಿ, ಉಸಿರು ಬಿಗಿಹಿಡಿದು 1/8 ಸೆಕೆಂಡಿನಲ್ಲೂ ತೆಗೆಯಬಹುದು. ಆದರೆ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ಸಂಜೆ ತೇರು ಎಳೆಯುವಾಗ, ಜನ ಕೈಯೆತ್ತಿ ಹಣ್ಣು ಎಸೆಯುವಾಗ, ಎಲ್ಲವೂ ಚಲಿಸುತ್ತಿರುತ್ತದೆ. ಅಲ್ಲಿ ಎಫ್/2.8 ಬಿಟ್ಟು ಬೇರೆ ದಾರಿಯಿಲ್ಲ.

ಸರಳವಾಗಿ ಹೇಳುವುದಾದರೆ, ಮನೆಯ ಸಮಾರಂಭ, ಜಾತ್ರೆ, ಕೆಲಸಗಾರರು, ಮಕ್ಕಳು ನಿಮ್ಮ ವಿಷಯವಾದರೆ 17-50 ಎಫ್/2.8. ಕೋಟೆ, ಊರು, ಹೊಲ, ದಾರಿ ನಿಮ್ಮ ವಿಷಯವಾದರೆ 15-85 ಅಥವಾ 16-80. ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ರಾಪ್ ಕ್ಯಾಮೆರಾ ಇದ್ದವರಿಗೆ 2021ರಲ್ಲಿ ಎರಡು ಒಳ್ಳೆಯ ಲೆನ್ಸ್ ಬಂದವು. ಸಿಗ್ಮಾ 18-50 ಎಫ್/2.8 ಮುನ್ನೂರು ಗ್ರಾಂಗೂ ಕಡಿಮೆ, ಕಂಪನ ತಡೆ ಇಲ್ಲ. ಟ್ಯಾಮ್ರಾನ್ 17-70 ಎಫ್/2.8 ಅರ್ಧ ಕಿಲೋ ದಾಟುತ್ತದೆ, ಕಂಪನ ತಡೆ ಇದೆ. ಕ್ಯಾಮೆರಾದ ಒಳಗೇ ಕಂಪನ ತಡೆ ಇದ್ದರೆ ಸಿಗ್ಮಾ, ಇಲ್ಲದಿದ್ದರೆ ಟ್ಯಾಮ್ರಾನ್ ಎನ್ನುವುದು ನನ್ನ ಅಭಿಪ್ರಾಯ.

ಹಣ ಕಡಿಮೆಯಿದ್ದರೆ ಜೂಮ್ ಕೊಳ್ಳಲೇಬೇಕೆಂದಿಲ್ಲ. ಕಿಟ್ ಲೆನ್ಸ್ ಉಳಿಸಿಕೊಂಡು ಒಂದು 35 ಅಥವಾ 50 ಮಿ.ಮೀ. ಎಫ್/1.8 ತೆಗೆದುಕೊಳ್ಳಿ. ಆ ಬಿದ್ರಿ ಚಿತ್ರವನ್ನು ಅದೂ ಉಳಿಸುತ್ತಿತ್ತು.

ನಾಲ್ಕನೆಯ ಹೆಜ್ಜೆ: ಹೊಂದುತ್ತದೆಯೇ?

ಮೌಂಟ್ (ಲೆನ್ಸನ್ನು ಕ್ಯಾಮೆರಾಕ್ಕೆ ಕೂರಿಸುವ ಬಾಯಿ) ಒಂದೇ ಆಗಿದ್ದರೂ ಕೆಲಸ ಮಾಡುತ್ತದೆ ಎಂದುಕೊಳ್ಳಬೇಡಿ. ನಿಕಾನ್‌ನ ಡಿ3500, ಡಿ5600ರಂಥ ಕ್ಯಾಮೆರಾಗಳ ದೇಹದೊಳಗೆ ಫೋಕಸ್ ಮೋಟಾರ್ ಇಲ್ಲ. ಲೆನ್ಸಿನೊಳಗೇ ಮೋಟಾರ್ ಇರಬೇಕು, ಇಲ್ಲವಾದರೆ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ಹಳೆಯ ನಿಕಾನ್ ದೇಹಗಳ ಮೇಲೆ ಹೊಸ ಎಎಫ್-ಪಿ (ಬೇರೆ ಬಗೆಯ ಫೋಕಸ್ ಮೋಟಾರಿನ) ಲೆನ್ಸ್‌ಗಳು ಫೋಕಸ್ ಆಗದಿರುವುದೂ ಉಂಟು. ಕ್ಯಾನನ್‌ನ ಇಎಫ್-ಎಸ್ ಲೆನ್ಸ್‌ಗಳು ಕಂಪನಿಯ ಅಡಾಪ್ಟರ್ ಮೂಲಕ ಆರ್ ಸರಣಿಯ ಮಿರರ್‌ಲೆಸ್‌ಗೆ ಕೂರುತ್ತವೆ.

ಐದನೆಯ ಹೆಜ್ಜೆ: ನಮ್ಮ ಧೂಳು, ನಮ್ಮ ಬಿಸಿಲು

ಜೂಮ್ ತಿರುಗಿಸಿದಾಗ ಲೆನ್ಸಿನ ಕೊಳವೆ ಹೊರಚಾಚುತ್ತದೆ, ಒಳ ಸೇರುತ್ತದೆ. ತಿದಿಯಂತೆ ಅದು ಗಾಳಿ ಎಳೆಯುತ್ತದೆ, ಗಾಳಿಯ ಜೊತೆ ಧೂಳನ್ನೂ. ತೊಗರಿ ರಾಶಿ ಮಾಡುವ ಕಣದಲ್ಲಿ, ಯಾದಗಿರಿ ಜಿಲ್ಲೆಯ ಮೈಲಾಪುರ ಜಾತ್ರೆಯಲ್ಲಿ ಮಲ್ಲಯ್ಯನ ಭಂಡಾರ ಗಾಳಿಗೆ ಏಳುವಾಗ, ಎಷ್ಟು ಬೆಲೆಯ ಲೆನ್ಸೂ ಧೂಳು ತಿನ್ನುತ್ತದೆ. ಕೊಳ್ಳುವಾಗ ಮೌಂಟಿನ ಸುತ್ತ ರಬ್ಬರ್ ಉಂಗುರ ಇದೆಯೇ ನೋಡಿ. ಅಡ್ಡ ಬೆಳಕು ತಡೆಯುವ ಹುಡ್ ಜೊತೆಗೆ ಬರುತ್ತದೆಯೇ, ಬೇರೆ ಕೊಳ್ಳಬೇಕೇ ಎಂದು ಕೇಳಿ. ರಕ್ಷಣೆಗೆ ಒಂದು ಒಳ್ಳೆಯ ಫಿಲ್ಟರ್ ಹಾಕಿ. 17-55, 17-50ಗಳಿಗೆ 77 ಮಿ.ಮೀ. ಗಾತ್ರದ್ದು ಬೇಕು, ಬೆಲೆಯೂ ಅದಕ್ಕೆ ತಕ್ಕಂತೆ ಇರುತ್ತದೆ. ಭಂಡಾರ ಬಿದ್ದ ಗಾಜನ್ನು ಬಟ್ಟೆಯಿಂದ ಉಜ್ಜಬಾರದು. ಮೊದಲು ಊದುವ ರಬ್ಬರ್ ಬುರುಡೆಯಿಂದ ಗಾಳಿ ಹೊಡೆಯಬೇಕು, ಆಮೇಲೆ ಮೃದು ಕುಂಚ, ಕೊನೆಗೆ ಬಟ್ಟೆ. ಜಾತ್ರೆಯ ನಡುವೆ ಲೆನ್ಸ್ ಬದಲಿಸುವುದಂತೂ ಬೇಡವೇ ಬೇಡ.

ತೂಕವನ್ನು ಅಂಗಡಿಯ ತಂಪಿನಲ್ಲಿ ಅಳೆಯಬೇಡಿ. 645 ಗ್ರಾಂನ 17-55 ಅನ್ನು ಕುತ್ತಿಗೆಗೆ ಹಾಕಿಕೊಂಡು ನಲವತ್ತು ಡಿಗ್ರಿ ಬಿಸಿಲಿನಲ್ಲಿ ಯಾದಗಿರಿ ಕೋಟೆಯ ಬೆಟ್ಟ ಹತ್ತುವಾಗ ಅದು ಬೇರೆಯೇ ತೂಕ.

ಆರನೆಯ ಹೆಜ್ಜೆ: ಅಂಗಡಿಯಲ್ಲಿ ಹತ್ತು ನಿಮಿಷ

ನಿಮ್ಮ ಕ್ಯಾಮೆರಾ, ನಿಮ್ಮ ಕಾರ್ಡ್ ಒಯ್ಯಿರಿ. ಪತ್ರಿಕೆಯ ಎರಡು ಪುಟಗಳನ್ನು ಬಿಡಿಸಿ ಗೋಡೆಗೆ ಅಂಟಿಸಿ, ಕ್ಯಾಮೆರಾ ನೇರವಾಗಿ ಅದರ ಎದುರಿಗಿಟ್ಟು, ಅಗಲದ ತುದಿಯಲ್ಲೊಂದು, ನಡುವೆ ಒಂದು, ದೂರದ ತುದಿಯಲ್ಲೊಂದು ಚಿತ್ರ ತೆಗೆಯಿರಿ. ಪ್ರತಿಯೊಂದನ್ನೂ ಪೂರ್ತಿ ತೆರೆದ ಅಪರ್ಚರಿನಲ್ಲಿ ಒಮ್ಮೆ, ಎಫ್/5.6ರಲ್ಲಿ ಒಮ್ಮೆ. ಆಮೇಲೆ ನಾಲ್ಕು ಮೂಲೆಗಳ ಅಕ್ಷರಗಳನ್ನು ಹಿಗ್ಗಿಸಿ ನೋಡಿ. ನಾಲ್ಕೂ ಮೂಲೆ ಸ್ವಲ್ಪ ಮೆತ್ತಗಿದ್ದರೆ ಸಹಜ. ಎಡ ಬಲಗಳಲ್ಲಿ ವ್ಯತ್ಯಾಸ ಇದ್ದರೆ ಒಳಗಿನ ಗಾಜು ಓರೆಯಾಗಿದೆ, ಕೊಳ್ಳಬೇಡಿ. ನಾನು ಮೊದಲು ತಂದ ಸೆಕೆಂಡ್ ಹ್ಯಾಂಡ್ ಲೆನ್ಸ್ ಹೀಗೇ ಇತ್ತು. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಕೂರಿಸಿದ ಮುತ್ತಿನ ಚಿಪ್ಪಿನ ಕುಸುರಿ ಬಲಕ್ಕೆ ಸೂಜಿಮೊನೆಯಂತೆ, ಎಡಕ್ಕೆ ಎಣ್ಣೆ ಸವರಿದಂತೆ ಬಂದಾಗಲೇ ನನಗೆ ತಿಳಿದದ್ದು. ಅಷ್ಟರಲ್ಲಿ ಹಿಂದಿರುಗಿಸುವ ಅವಧಿ ಮುಗಿದಿತ್ತು.

ಕಪ್ಪು ಬಟ್ಟೆಯೊಂದನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಬೆಳಕಿಗೆ ಎದುರಾಗಿಯೂ ಒಂದು ಚಿತ್ರ ತೆಗೆಯಿರಿ. ಕಪ್ಪು ಬೂದಿಬಣ್ಣಕ್ಕೆ ತಿರುಗಿದರೆ ಬಾಗಿಲಿಗೆ ಎದುರಾಗಿ ತೆಗೆಯುವ ಚಿತ್ರಗಳೆಲ್ಲ ಹಾಗೆಯೇ ಬರುತ್ತವೆ.

ಬಳಸಿದ ಲೆನ್ಸ್ ಆದರೆ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಇಣುಕಿ. ಒಂದೆರಡು ಧೂಳಿನ ಕಣಗಳಿಂದ ತೊಂದರೆಯಿಲ್ಲ. ಜೇಡನ ಬಲೆಯಂಥ ಬಿಳಿ ಎಳೆ ಕಂಡರೆ ಅದು ಬೂಷ್ಟು. ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಲೆನ್ಸನ್ನು ಕೆಳಮುಖವಾಗಿ ಹಿಡಿದು ಕೊಳವೆ ತಾನಾಗಿ ಜಾರುತ್ತದೆಯೇ ನೋಡಿ. ಬಿಲ್ಲಿನಲ್ಲಿರುವ ಕ್ರಮಸಂಖ್ಯೆಯೂ ಲೆನ್ಸಿನ ಮೇಲಿನ ಸಂಖ್ಯೆಯೂ ಒಂದೇ ಇರಲಿ, ಹಿಂದಿರುಗಿಸಲು ಎಷ್ಟು ದಿನ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.

ಮನೆಗೆ ತಂದ ಮೇಲೆ ಕಪಾಟಿನಲ್ಲಿಡಬೇಡಿ. ಮರುದಿನ ಬೆಳಿಗ್ಗೆಯೇ ಹೊರಡಿ. ಮೊದಲ ಹೆಜ್ಜೆಯಲ್ಲಿ ಬೇರೆ ಇಟ್ಟ ಕೆಟ್ಟ ಚಿತ್ರಗಳಲ್ಲಿ ಐದನ್ನು ಆರಿಸಿ, ಅದೇ ಜಾಗ, ಅದೇ ಹೊತ್ತಿನಲ್ಲಿ ಹೊಸ ಲೆನ್ಸಿನಿಂದ ಮತ್ತೆ ತೆಗೆದು, ಹಳೆಯದನ್ನೂ ಹೊಸದನ್ನೂ ಪರದೆಯ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಹುಡುಕಬೇಕಾಗಿ ಬಂದರೆ, ಬಿಲ್ಲಿನ ಮೇಲೆ ಬರೆಸಿಕೊಂಡ ದಿನಗಳು ಮುಗಿಯುವ ಮೊದಲೇ ಅಂಗಡಿಗೆ ಹಿಂದಿರುಗಿ.